ಬೆರಳು ಬೆಚ್ಚಗಿರಬೇಕು, ಟ್ರಿಗರ್ ಕೂಡ ತಿಳಿಯಬೇಕು: ಕೊರೆಯುವ ಚಳಿಗೆ ಗ್ಲೌಸ್ ಆರಿಸುವ ಬಗೆ

ಚಳಿಗಾಲದ ಗ್ಲೌಸ್ ಪ್ಯಾಕೆಟ್ ಮೇಲೆ ಸಾಮಾನ್ಯವಾಗಿ ಒಂದು ಅಂಕೆ ಎದ್ದು ಕಾಣುತ್ತದೆ. ಇದು −20 ಡಿಗ್ರಿಗೆ ಸಾಕು, ಅದು −30ಕ್ಕೂ ಸಾಕು ಅಂತ. ಆ ಅಂಕೆಯನ್ನೇ ನಂಬಿ ಕೊಂಡವರು ಆಮೇಲೆ ಪೇಚಾಡುತ್ತಾರೆ. ಕೆಲವರ ಕೈ ಬೆಚ್ಚಗಿರುತ್ತದೆ, ಆದರೆ ಜಾಕೆಟ್ಟಿನ ಜಿಪ್ ಎಳೆಯಲೂ ಗ್ಲೌಸ್ ಬಿಚ್ಚಬೇಕು. ಇನ್ನು ಕೆಲವರು ಗ್ಲೌಸ್ ಹಾಕಿಕೊಂಡೇ ನಟ್ಟು ಬೋಲ್ಟು ತಿರುಗಿಸಬಲ್ಲರು, ಆದರೆ ಹತ್ತು ನಿಮಿಷದಲ್ಲಿ ಅವರ ಬೆರಳಲ್ಲಿ ಜೀವವೇ ಇರುವುದಿಲ್ಲ.

ಬಂದೂಕು ಹಿಡಿಯುವವರಿಗೆ ಈ ಪೇಚಾಟ ಇನ್ನೂ ಜಾಸ್ತಿ. ಅಲಾಸ್ಕಾದ ಸೈನಿಕ, ಕೆನಡಾದ ಕಾಡಿನಲ್ಲಿ ಜಿಂಕೆಗಾಗಿ ಕಾದು ಕೂತ ಬೇಟೆಗಾರ, ನಾರ್ವೆಯ ಬಯಾಥ್ಲಾನ್ ಆಟಗಾರ್ತಿ, ಸಿಯಾಚಿನ್ ಚೌಕಿಯಲ್ಲಿ ಕಾವಲು ನಿಂತ ನಮ್ಮ ಜವಾನ, ಇವರೆಲ್ಲರಿಗೂ ತೋರುಬೆರಳಿನ ತುದಿಯ ಒಂದಿಷ್ಟು ಚರ್ಮ ಸರಿಯಾಗಿ ಕೆಲಸ ಮಾಡಲೇಬೇಕು. ಟ್ರಿಗರ್ ಎಷ್ಟು ಒತ್ತಿದೆ ಎಂಬುದು ಆ ಚರ್ಮಕ್ಕೆ ತಿಳಿಯದೆ ಹೋದರೆ ಗುರಿ ತಪ್ಪುವುದು ಸಣ್ಣ ಮಾತು. ಬೇಡದ ಹೊತ್ತಿನಲ್ಲಿ ಗುಂಡು ಹಾರುವುದು ದೊಡ್ಡ ಮಾತು.

ಹಾಗಾಗಿ "ಎಷ್ಟು ಚಳಿಗೆ ಯಾವ ಗ್ಲೌಸ್?" ಎಂದು ಶುರು ಮಾಡಬಾರದು. ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ. ನನ್ನ ಬೆರಳು ನಾಜೂಕಿನ ಕೆಲಸ ಮಾಡಬೇಕಾದ್ದು ಎಷ್ಟು ಹೊತ್ತು? ಅರ್ಧ ನಿಮಿಷವೇ, ಐದು ನಿಮಿಷವೇ, ದಿನವಿಡೀ ಆಗಾಗವೇ? ಉಳಿದ ಹೊತ್ತು ಮೈ ಓಡಾಡುತ್ತಿರುತ್ತದೋ, ಸುಮ್ನೆ ಕೂತಿರುತ್ತದೋ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಅಂಗಡಿಯನ್ನು ಪಕ್ಕಕ್ಕೆ ಸರಿಸಬಹುದು.

ಬೆರಳೇ ಯಾಕೆ ಮೊದಲು ಸೋಲುತ್ತದೆ

ಮೈಗೆ ಚಳಿ ತಟ್ಟಿದಾಗ ದೇಹ ಮೊದಲು ಕಾಪಾಡುವುದು ಹೃದಯ, ಮಿದುಳು ಮತ್ತು ಹೊಟ್ಟೆಯೊಳಗಿನ ಅಂಗಗಳನ್ನು. ಅದಕ್ಕಾಗಿ ಕೈಕಾಲಿನ ತುದಿಗೆ ಹೋಗುವ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬೆರಳಿಗೆ ಇದು ದೊಡ್ಡ ಪೆಟ್ಟು. ಯಾಕೆಂದರೆ ಬೆರಳಿನೊಳಗೆ ಸ್ನಾಯುಗಳಿಲ್ಲ. ಇರುವುದು ಮೂಳೆ, ನರ, ರಕ್ತನಾಳ, ಚರ್ಮ ಮತ್ತು ಸ್ನಾಯುವಿನ ಹುರಿ. ಬೆರಳನ್ನು ಮಡಚಿ ಬಿಡಿಸುವ ದೊಡ್ಡ ಸ್ನಾಯುಗಳೆಲ್ಲ ಮುಂಗೈಯಲ್ಲಿವೆ. ಸೂತ್ರದ ಗೊಂಬೆಯನ್ನು ಮೇಲಿನಿಂದ ಆಡಿಸಿದ ಹಾಗೆ ಅವು ಹುರಿಗಳ ಮೂಲಕ ಬೆರಳನ್ನು ಎಳೆಯುತ್ತವೆ. ಸ್ನಾಯು ಇಲ್ಲದ ಬೆರಳು ತಾನಾಗಿ ಬಿಸಿ ಹುಟ್ಟಿಸಿಕೊಳ್ಳಲಾರದು. ರಕ್ತ ಎಷ್ಟು ಬಿಸಿ ತಂದುಕೊಡುತ್ತದೋ ಬಹುಪಾಲು ಅಷ್ಟೇ.

ಇದರಿಂದ ಎರಡು ವಿಷಯ ಹೊರಡುತ್ತವೆ. ಒಂದು, ಗ್ಲೌಸ್ ಬಿಸಿ ಕೊಡುವುದಿಲ್ಲ, ಬಂದ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೆ. ಎದೆ, ಕುತ್ತಿಗೆ, ತಲೆ ತಣ್ಣಗಿದ್ದರೆ ಎಷ್ಟೇ ದುಬಾರಿ ಗ್ಲೌಸ್ ಹಾಕಿದರೂ ಅದರೊಳಗೆ ಹಿಡಿದಿಡಲು ಏನೂ ಇರುವುದಿಲ್ಲ. ಕೈ ತಣ್ಣಗಾದರೆ ಮೊದಲು ಟೋಪಿ ಹಾಕಿಕೊ ಅಂತ ಚಳಿನಾಡಿನವರು ಹೇಳುವುದು ಇದಕ್ಕೇ. ಎರಡು, ಮುಂಗೈ ಮತ್ತು ಮಣಿಕಟ್ಟು ತಣ್ಣಗಾದರೂ ಬೆರಳು ನಿಧಾನವಾಗುತ್ತದೆ. ಮಣಿಕಟ್ಟಿನಲ್ಲಿ ರಕ್ತನಾಳಗಳು ಚರ್ಮಕ್ಕೆ ತೀರಾ ಹತ್ತಿರ ಇವೆ. ನಾಡಿ ನೋಡುವುದು ಅಲ್ಲೇ ಅಲ್ವಾ? ತೋಳು ಮತ್ತು ಗ್ಲೌಸ್ ನಡುವೆ ಎರಡು ಬೆರಳಗಲ ಚರ್ಮ ಕಾಣುತ್ತಿದ್ದರೆ, ಬೆರಳಿಗೆ ಹೋಗುವ ರಕ್ತ ದಾರಿಯಲ್ಲೇ ತಣ್ಣಗಾಗುತ್ತದೆ. ಉದ್ದ ಕಫ್ ಇರುವ ಗ್ಲೌಸ್ ಅಥವಾ ಉಣ್ಣೆಯ ಒಂದು ಮಣಿಕಟ್ಟು ಪಟ್ಟಿ ಬೆರಳಿನ ಚಲನೆಗೆ ಸ್ವಲ್ಪವೂ ಅಡ್ಡ ಬರುವುದಿಲ್ಲ. ಇಡೀ ಲೆಕ್ಕದಲ್ಲಿ ಪುಕ್ಕಟೆ ಸಿಗುವ ಬಿಸಿ ಇದೊಂದೇ ಅಂತ ನನ್ನ ಅಭಿಪ್ರಾಯ. ಜನ ಗಮನ ಕೊಡದೇ ಇರುವುದೂ ಇದಕ್ಕೇ.

ಚಳಿ ಏರಿದಂತೆ ಬೆರಳಿನಲ್ಲಿ ಆಗುವುದೇನು? ಬೆರಳಿನ ಚರ್ಮದ ಬಿಸಿ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಕೈಚಳಕ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಕೀಲುಗಳೊಳಗಿನ ದ್ರವ ಗಟ್ಟಿಯಾಗುತ್ತದೆ, ನರಗಳಲ್ಲಿ ಸಂದೇಶ ನಿಧಾನವಾಗುತ್ತದೆ. 8 ಡಿಗ್ರಿಯ ಹತ್ತಿರ ಬಂದರೆ ಮುಟ್ಟಿದ್ದೇ ತಿಳಿಯುವುದಿಲ್ಲ. ಇದು ಹೊರಗಿನ ಹವೆಯ ಲೆಕ್ಕವಲ್ಲ, ಗ್ಲೌಸಿನೊಳಗಿನ ಚರ್ಮದ ಲೆಕ್ಕ. ಹೆಪ್ಪುಗಟ್ಟುವ ಅಪಾಯ ಇನ್ನೂ ದೂರ ಇರುವಾಗಲೇ ಬೆರಳು ಕೆಲಸಕ್ಕೆ ಬಾರದಂತಾಗಿರುತ್ತದೆ.

ದೇಹ ಬೆರಳನ್ನು ಪೂರ್ತಿ ಕೈಬಿಡುವುದಿಲ್ಲ ಅನ್ನುವುದೂ ನಿಜ. ತಣ್ಣಗಾದ ಬೆರಳಿಗೆ ಸ್ವಲ್ಪ ಹೊತ್ತಿನ ನಂತರ ರಕ್ತನಾಳ ತೆರೆದು ಒಂದು ಅಲೆ ಬಿಸಿ ರಕ್ತ ಬರುತ್ತದೆ, ಮತ್ತೆ ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ. ಥಾಮಸ್ ಲೂಯಿಸ್ ಎಂಬ ಬ್ರಿಟಿಷ್ ವೈದ್ಯ 1930ರಲ್ಲಿ ಇದನ್ನು ವಿವರಿಸಿದ. ವರ್ಷಗಟ್ಟಲೆ ತಣ್ಣೀರಿನಲ್ಲಿ ಕೈಯಿಟ್ಟು ಮೀನಿನ ಕೆಲಸ ಮಾಡುವವರಲ್ಲಿ ಈ ಅಲೆ ಬೇಗ ಬರುತ್ತದೆ, ಜೋರಾಗಿಯೂ ಬರುತ್ತದೆ. ಬಿಸಿ ನಾಡಿನಲ್ಲಿ ಬೆಳೆದವರಲ್ಲಿ ಅಷ್ಟಿರುವುದಿಲ್ಲ. ಎತ್ತರದ ಜಾಗಕ್ಕೆ ಹೊಸದಾಗಿ ಹೋದವರಲ್ಲೂ ಅದು ಕುಗ್ಗುತ್ತದೆ. ಕೆನಡಾದ ವಿನ್ನಿಪೆಗ್‌ನ ಪಕ್ಕದ ಮನೆಯವನು ಬರಿಗೈಯಲ್ಲಿ ಕಾರಿನ ಮಂಜು ಕೆರೆಯುವುದನ್ನು ನೋಡಿ ಹಾಸನದಿಂದ ಹೋದವರು ಹಾಗೇ ಮಾಡಲು ಹೋಗಬಾರದು.

ದಪ್ಪ ಮಾಡುತ್ತಾ ಹೋದರೆ ಸಾಲದು

ಗೋಡೆಗೆ ಹೊದಿಕೆ ಹಾಕಿ, ಅದನ್ನು ಎರಡು ಪಟ್ಟು ದಪ್ಪ ಮಾಡಿದರೆ ಬಿಸಿ ಸೋರದಂತೆ ಅದು ಒಡ್ಡುವ ತಡೆಯೂ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಬೆರಳಿನ ಮಟ್ಟಿಗೆ ಈ ಲೆಕ್ಕ ನಡೆಯುವುದಿಲ್ಲ. ಬೆರಳು ಸಣ್ಣ ಕೊಳವೆಯ ಆಕಾರದ್ದು. ಸುತ್ತ ದಪ್ಪ ಮಾಡಿದಷ್ಟೂ ಹೊರಮೈ ದೊಡ್ಡದಾಗುತ್ತದೆ, ಬಿಸಿ ಸೋರಲು ಜಾಗವೂ ಜಾಸ್ತಿಯಾಗುತ್ತದೆ. 16 ಮಿಲಿಮೀಟರ್ ದಪ್ಪದ ಬೆರಳಿಗೆ ಸುತ್ತಲೂ 8 ಮಿಲಿಮೀಟರ್ ಹೊದಿಕೆ ಇದೆ ಎಂದುಕೊಳ್ಳಿ. ಅದನ್ನು 16 ಮಿಲಿಮೀಟರ್ ಮಾಡಿದರೆ ಹೊದಿಕೆಯ ತಡೆ ಒಂದೂವರೆ ಪಟ್ಟಿನ ಆಸುಪಾಸು ಏರುತ್ತದೆ, ಎರಡು ಪಟ್ಟಲ್ಲ. ಅಷ್ಟರಲ್ಲಿ ಬೆರಳು ಹೊದಿಕೆಯೂ ಸೇರಿ 48 ಮಿಲಿಮೀಟರ್ ಆಗಿರುತ್ತದೆ. ಅದರಿಂದ ಮುಷ್ಟಿ ಕಟ್ಟಲೂ ಆಗುವುದಿಲ್ಲ.

ಬೆರಳುಗಳನ್ನೆಲ್ಲ ಒಂದೇ ಚೀಲದಲ್ಲಿ ಸೇರಿಸಿ ಹೆಬ್ಬೆರಳನ್ನಷ್ಟೇ ಬೇರೆ ಇಡುವ ಮಿಟನ್ ಗೆಲ್ಲುವುದು ಇಲ್ಲೇ. ನಾಲ್ಕು ಸಣ್ಣ ಕೊಳವೆಗಳು ಸೇರಿ ಒಂದು ದೊಡ್ಡ ಮುದ್ದೆಯಾಗುತ್ತದೆ. ಹೊರಮೈ ಕಡಿಮೆಯಾಗುತ್ತದೆ, ಬೆರಳು ಬೆರಳನ್ನು ಬೆಚ್ಚಗಿಡುತ್ತದೆ. ಅದೇ ಬಟ್ಟೆ, ಅದೇ ದಪ್ಪ ಇದ್ದರೂ ಮಿಟನ್ ಯಾವಾಗಲೂ ಗ್ಲೌಸಿಗಿಂತ ಬೆಚ್ಚಗೆ. ಆದರೆ ಮಿಟನ್ ಹಾಕಿದ ಕೈ ಹಿಡಿಯಬಲ್ಲದು, ಎಳೆಯಬಲ್ಲದು, ಅಷ್ಟೆ. ಟ್ರಿಗರ್, ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ), ತೋಟಾ ತುಂಬುವುದು, ತಂತಿ ಜೋಡಿಸುವುದು, ಯಾವುದಕ್ಕೂ ಬಾರದು.

ಸೈನ್ಯಗಳು ಕಂಡುಕೊಂಡ ದಾರಿ

ಈ ಸಮಸ್ಯೆಗೆ ಸೈನ್ಯಗಳು ಎರಡು ಕಡೆಯಿಂದ ಕೈಹಾಕಿದವು. ಒಂದು ಕಡೆ ಗ್ಲೌಸನ್ನು ಬದಲಿಸಿದರು. ಎರಡನೇ ಮಹಾಯುದ್ಧದ ಕಾಲದ ಸೋವಿಯತ್ ಸೈನಿಕನ ಮಿಟನ್‌ನಲ್ಲಿ ಹೆಬ್ಬೆರಳಿನ ಜೊತೆ ತೋರುಬೆರಳಿಗೂ ಪ್ರತ್ಯೇಕ ಗೂಡು ಇತ್ತು. ಉಳಿದ ಮೂರು ಬೆರಳು ಒಟ್ಟಿಗೆ. ಅಮೆರಿಕದ ಸೈನ್ಯವೂ ಇದೇ ಬಗೆಯ ಟ್ರಿಗರ್ ಮಿಟನ್ ಕೊಟ್ಟಿತು, ಒಳಗೆ ಉಣ್ಣೆಯ ಇನ್ನೊಂದು ಪದರ ಹಾಕಿಕೊಳ್ಳಬಹುದಿತ್ತು. ಗುಂಡು ಹಾರಿಸಬೇಕಾದಾಗ ತೋರುಬೆರಳನ್ನು ಅದರ ಗೂಡಿಗೆ ಹಾಕುವುದು, ಮುಗಿದ ಮೇಲೆ ಉಳಿದ ಬೆರಳುಗಳ ಜೊತೆ ಸೇರಿಸಿಕೊಳ್ಳುವುದು. ಇವತ್ತಿಗೂ ಬೇಟೆಗಾರರ ಅಂಗಡಿಗಳಲ್ಲಿ ಈ ಮೂರು ಗೂಡಿನ ಮಿಟನ್ ಸಿಗುತ್ತದೆ. ಹಳೆಯದು, ಆದರೆ ಒಳ್ಳೆಯದು.

ಇನ್ನೊಂದು ಕಡೆ ಬಂದೂಕನ್ನೇ ಬದಲಿಸಿದರು. ಟ್ರಿಗರ್ ಸುತ್ತ ಇರುವ ಲೋಹದ ಬಳೆಯೊಳಗೆ ದಪ್ಪ ಬೆರಳು ತೂರುವುದಿಲ್ಲ. ಅದಕ್ಕೇ ಜರ್ಮನ್ನರು ಯುದ್ಧದ ಕೊನೆಯ ಹೊತ್ತಿಗೆ ತಮ್ಮ ರೈಫಲ್‌ಗಳಿಗೆ ಹೊರಗಿನಿಂದ ಒತ್ತುವ ಚಳಿಗಾಲದ ಟ್ರಿಗರ್ ಜೋಡಿಸಿದರು. ಅಮೆರಿಕದ ಎಂ1 ಗ್ಯಾರಂಡ್‌ಗೂ ಅಂಥದೊಂದು ಜೋಡಣೆ ಬಂತು. ಎಂ16 ರೈಫಲ್‌ನಲ್ಲಿ ಆ ಬಳೆಯ ಕೆಳಭಾಗವನ್ನು ಬಿಚ್ಚಿ ಕೆಳಕ್ಕೆ ಮಡಚಬಹುದು. ಮಿಟನ್ ಹಾಕಿದ ಕೈಗಾಗಿಯೇ ಹಾಗೆ ಮಾಡಿದ್ದು. ಆಸ್ಟ್ರಿಯಾದ ಸ್ಟೈರ್ ಎಯುಜಿ ಎಂಬ ರೈಫಲಿನಲ್ಲಿ ಬಳೆಯೇ ಇಡೀ ಕೈ ಹಿಡಿಸುವಷ್ಟು ದೊಡ್ಡದು.

ಬಳೆ ತೆರೆದಿಟ್ಟರೆ ಕೊಂಬೆಗೋ ಬೆಲ್ಟಿಗೋ ಟ್ರಿಗರ್ ತಾಗುವ ಅಪಾಯ ಇದ್ದೇ ಇದೆ. ಹಾಗಾಗಿ ಇದು ತರಬೇತಿ ಇರುವ ಸೈನಿಕರ ಮಾತು. ಸಾಮಾನ್ಯ ಬೇಟೆಗಾರ ಬಂದೂಕನ್ನು ಹಾಗೇ ಬಿಟ್ಟು ಗ್ಲೌಸನ್ನು ತೆಳು ಮಾಡಿಕೊಳ್ಳುವುದೇ ಸರಿ.

ತೆಳು ಮಾಡುವುದು ಅಂದರೆ ಬಿಸಿ ಬಿಟ್ಟುಕೊಡುವುದು ಎಂದಲ್ಲ, ಪದರಗಳಾಗಿ ಬಿಡಿಸುವುದು. ಚರ್ಮಕ್ಕೆ ತಾಗಿದಂತೆ ಒಂದು ತೆಳು ಗ್ಲೌಸ್, ಅದರ ಮೇಲೆ ಸುಲಭವಾಗಿ ಕಳಚುವ ಒಂದು ದೊಡ್ಡ ಮಿಟನ್. ಕಾಯುವ ಹೊತ್ತೆಲ್ಲ ಎರಡೂ ಇರಲಿ. ಕೆಲಸ ಬಂದಾಗ ಮಿಟನ್ ಕಳಚಿ, ತೆಳು ಗ್ಲೌಸಿನಲ್ಲಿ ಕೆಲಸ ಮುಗಿಸಿ, ಮತ್ತೆ ಮಿಟನ್ ಒಳಗೆ ಕೈ. ಅಮೆರಿಕದ ಸೈನ್ಯದ ಆರ್ಕ್ಟಿಕ್ ಮಿಟನ್ ಎರಡನ್ನೂ ಕುತ್ತಿಗೆಯ ಹಿಂದೆ ಹಾಯುವ ದಾರವೊಂದು ಜೋಡಿಸುತ್ತದೆ. ಕಳಚಿದಾಗ ಅದು ಹಿಮದಲ್ಲಿ ಬೀಳದೆ ಎದೆಯ ಬಳಿ ನೇತಾಡುತ್ತದೆ. ಅದರ ಹಿಂಬದಿಗೆ ತುಪ್ಪಳದಂಥ ಬಟ್ಟೆ ಹೊಲಿದಿರುವುದು ಅಲಂಕಾರಕ್ಕಲ್ಲ. ಮರಗಟ್ಟಿದ ಕೆನ್ನೆ ಮೂಗನ್ನು ಬೆಚ್ಚಗೆ ಮಾಡಿಕೊಳ್ಳಲು.

ಆ ತೆಳು ಗ್ಲೌಸ್ ಇಲ್ಲದೆ ಬರಿಗೈ ಹೊರತೆಗೆದರೆ ಏನಾಗುತ್ತದೆ? ಉಕ್ಕು ಮರಕ್ಕಿಂತ ನೂರಾರು ಪಟ್ಟು ಚೆನ್ನಾಗಿ ಬಿಸಿ ಎಳೆಯುತ್ತದೆ, ಅಲ್ಯೂಮಿನಿಯಂ ಅದಕ್ಕಿಂತಲೂ ಜಾಸ್ತಿ. −25ರಲ್ಲಿ ಬಂದೂಕಿನ ಲೋಹವನ್ನು ಒದ್ದೆ ಬರಿಗೈಯಲ್ಲಿ ಹಿಡಿದರೆ ಚರ್ಮ ಅಂಟಿಕೊಳ್ಳಬಹುದು. ಎಳೆದರೆ ಕಿತ್ತುಬರುತ್ತದೆ. ತೀರಾ ತೆಳುವಾದ ರೇಷ್ಮೆ ಅಥವಾ ಉಣ್ಣೆಯ ಪದರವೂ ಈ ನೇರ ಸ್ಪರ್ಶವನ್ನು ತಡೆಯುತ್ತದೆ. ಅದು ಬೆಚ್ಚಗಿಡುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಚರ್ಮ ಉಳಿಸುತ್ತದೆ, ಒಂದೆರಡು ನಿಮಿಷ ಕೊಡುತ್ತದೆ. ಬಹಳಷ್ಟು ಸಲ ಅಷ್ಟು ಸಾಕು.

ಅದೇ ಚಳಿ, ಬೇರೆ ಕೈ

ಬಯಾಥ್ಲಾನ್ ನೋಡಿದವರಿಗೆ ಒಂದು ವಿಷಯ ವಿಚಿತ್ರ ಅನ್ನಿಸಿರಬಹುದು. ಹಿಮದ ಮೇಲೆ ಸ್ಕೀ ಮಾಡಿಕೊಂಡು ಬಂದು, 50 ಮೀಟರ್ ದೂರದ ಗುರಿಗೆ ಗುಂಡು ಹೊಡೆಯುವ ಆಟ ಅದು. ಮಲಗಿ ಹೊಡೆಯುವಾಗ ಗುರಿಯ ಅಗಲ 45 ಮಿಲಿಮೀಟರ್, ನಿಂತು ಹೊಡೆಯುವಾಗ 115. ಟ್ರಿಗರ್ ಒತ್ತಲು ಬೇಕಾದ ಬಲ ಕನಿಷ್ಠ ಅರ್ಧ ಕಿಲೋ ಇರಬೇಕೆಂಬ ನಿಯಮವಿದೆ. ಹವೆ −20ಕ್ಕಿಂತ ಕೆಳಗಿದ್ದರೆ ಸ್ಪರ್ಧೆ ಶುರು ಮಾಡುವುದಿಲ್ಲ. ಅಷ್ಟು ಚಳಿಯಲ್ಲೂ ಆಟಗಾರರ ಕೈಯಲ್ಲಿರುವುದು ಸೈಕಲ್ ಗ್ಲೌಸಿನಷ್ಟು ತೆಳುವಾದದ್ದು. ಅದು ಸಾಕಾಗುವುದು ಯಾಕೆ? ಅವರ ಮೈ ಒಲೆಯಂತೆ ಉರಿಯುತ್ತಿರುತ್ತದೆ, ಬಿಸಿ ರಕ್ತ ಬೆರಳ ತುದಿವರೆಗೂ ನುಗ್ಗುತ್ತಿರುತ್ತದೆ. ಅವರ ಕಷ್ಟ ಚಳಿಗಿಂತ ಹೆಚ್ಚಾಗಿ ಬೆವರು.

ಇನ್ನೊಂದು ತುದಿಯಲ್ಲಿ ಮರದ ಮೇಲಿನ ಅಟ್ಟಣಿಗೆಯಲ್ಲಿ ಅಲುಗಾಡದೆ ಗಂಟೆಗಟ್ಟಲೆ ಕೂರುವ ಬೇಟೆಗಾರ. ಹವೆ −10 ಮಾತ್ರ ಇರಲಿ, ಅವನ ಬೆರಳು ಬಯಾಥ್ಲಾನ್ ಆಟಗಾರನ ಬೆರಳಿಗಿಂತ ಮೊದಲು ಸೋಲುತ್ತದೆ. ಅವನಿಗೆ ದಪ್ಪ ಗ್ಲೌಸ್ ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ನಾನಾದರೆ ಕೈಚೀಲ ತೋರಿಸುತ್ತೇನೆ. ಸೊಂಟಕ್ಕೆ ಕಟ್ಟಿಕೊಳ್ಳುವ, ಎರಡೂ ಬದಿ ತೆರೆದ, ದಿಂಬಿನಂಥ ಬೆಚ್ಚನೆ ಚೀಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವ ಆಟಗಾರರು ಚಳಿಗಾಲದಲ್ಲಿ ಸೊಂಟಕ್ಕೆ ಕಟ್ಟಿಕೊಂಡಿರುತ್ತಾರಲ್ಲ, ಅದೇ. ತೆಳು ಗ್ಲೌಸ್ ಹಾಕಿದ ಎರಡೂ ಕೈ ಅದರೊಳಗೆ, ಜೊತೆಗೊಂದು ಬಿಸಿ ಪೊಟ್ಟಣ. ಜಿಂಕೆ ಕಂಡಾಗ ಕೈ ಸದ್ದಿಲ್ಲದೆ ಹೊರಬರುತ್ತದೆ, ಬೆರಳು ಬೆಚ್ಚಗಿರುತ್ತದೆ, ಟ್ರಿಗರ್ ತಿಳಿಯುತ್ತದೆ. ಗ್ಲೌಸ್ ಕಳಚುವ ಗಡಿಬಿಡಿಯೂ ಇಲ್ಲ. ಕೂತು ಕಾಯುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಈ ಎರಡರ ನಡುವಿನವರಿಗೆ, ಅಂದರೆ ಸ್ವಲ್ಪ ನಡೆದು ಸ್ವಲ್ಪ ನಿಲ್ಲುವವರಿಗೆ, ಬೆರಳ ತುದಿ ಹಿಂದಕ್ಕೆ ಮಡಚುವ ಗ್ಲೌಸ್‌ಗಳಿವೆ. ತೋರುಬೆರಳು ಮತ್ತು ಹೆಬ್ಬೆರಳಿನ ಟೊಪ್ಪಿಯನ್ನಷ್ಟೇ ಮಡಚುವಂಥವು ಕೆಲವು, ಇಡೀ ಮಿಟನ್ ಮುಚ್ಚಳವೇ ಹಿಂದೆ ಸರಿಯುವಂಥವು ಕೆಲವು. ಆಸ್ಟ್ರಿಯಾದ ದ ಹೀಟ್ ಕಂಪನಿ, ನಾರ್ವೆಯ ವ್ಯಾಲರೆಟ್ ಇಂಥವಕ್ಕೆ ಹೆಸರಾದವು. ವ್ಯಾಲರೆಟ್ ಮಾಡುವುದು ಕ್ಯಾಮೆರಾದವರಿಗಾಗಿ. ಹಿಮಚಿರತೆಯ ಫೋಟೋಗೆಂದು ಬೆಂಗಳೂರಿನಿಂದ ಲಡಾಖ್‌ಗೋ ಸ್ಪಿತಿಗೋ ಚಳಿಗಾಲದಲ್ಲಿ ಹೋಗುವವರ ಕೈಗೂ ಈ ಬಗೆ ಚೆನ್ನಾಗಿ ಒಗ್ಗುತ್ತದೆ. ಶಟರ್ ಗುಂಡಿ ಒತ್ತುವುದಕ್ಕೂ ಟ್ರಿಗರ್ ಒತ್ತುವುದಕ್ಕೂ ಬೆರಳಿನ ಮಟ್ಟಿಗೆ ಅಂಥ ವ್ಯತ್ಯಾಸವಿಲ್ಲ. ಇವುಗಳ ದೋಷ ಒಂದೇ. ಮಡಚುವ ಸೀಳಿನಲ್ಲಿ ಗಾಳಿ ನುಗ್ಗುತ್ತದೆ. ಕೊಳ್ಳುವಾಗ ಆ ಸೀಳಿನ ಅಂಚುಗಳು ಎಷ್ಟು ಒಂದರ ಮೇಲೊಂದು ಕೂರುತ್ತವೆ ಎಂದು ನೋಡಿ. ಬಂದೂಕಿನವರು ಇನ್ನೊಂದನ್ನೂ ನೋಡಬೇಕು: ಮಡಚಿದ ಟೊಪ್ಪಿ ಸಡಿಲವಾಗಿ ಜೋಲಾಡಬಾರದು. ಅದು ಟ್ರಿಗರ್ ಬಳೆಯೊಳಗೆ ಸಿಕ್ಕಿಕೊಂಡರೆ ಅನಾಹುತ.

ಒದ್ದೆ ಚಳಿ ಎಂಬ ಬೇರೆಯೇ ಶತ್ರು

ಚಳಿ ಜಾಸ್ತಿಯಾದಷ್ಟೂ ಗ್ಲೌಸ್ ಆಯ್ಕೆ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜಕ್ಕೂ ಕಷ್ಟದ್ದು ಸೊನ್ನೆಯ ಆಸುಪಾಸು. ಅಮೆರಿಕದ ಸೈನ್ಯ ಸುಮಾರು 4 ಡಿಗ್ರಿಯಿಂದ −6ವರೆಗಿನ ಹವೆಯನ್ನು ಒದ್ದೆ ಚಳಿ ಎಂದು ಬೇರೆಯೇ ಗುರುತಿಸುತ್ತದೆ. ಹಗಲು ಹಿಮ ಕರಗುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ. ಮುಟ್ಟಿದ್ದೆಲ್ಲ ಒದ್ದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಬಿಸಿ ಸಾಗಿಸುತ್ತದೆ. ಗ್ಲೌಸ್ ಬೆಚ್ಚಗಿರುವುದು ಅದರ ನಾರುಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ಆ ಗಾಳಿಯ ಜಾಗವನ್ನು ನೀರು ಹಿಡಿದರೆ ಗ್ಲೌಸ್ ಇದ್ದೂ ಇಲ್ಲದಂತೆ. −20ರಲ್ಲಿ ಹಿಮ ಪುಡಿಯಾಗಿ ಕೊಡವಿದರೆ ಉದುರುತ್ತದೆ, ಹಾಗಾಗಿ ಒಂದು ರೀತಿಯಲ್ಲಿ ಅದೇ ವಾಸಿ.

ಒದ್ದೆಗೆ ಉತ್ತರ ಜಲನಿರೋಧಕ ಪದರ ಅಂತ ಗೋರ್‌ಟೆಕ್ಸ್ ಹೆಸರು ಹೇಳುತ್ತಾರೆ. ಸರಿಯೇ, ಆದರೆ ಅದಕ್ಕೂ ಬೆಲೆ ಕೊಡಬೇಕು. ಅನೇಕ ಗ್ಲೌಸ್‌ಗಳಲ್ಲಿ ಆ ಪದರ ಹೊರ ಚರ್ಮಕ್ಕೂ ಒಳ ಅಸ್ತರಿಗೂ ನಡುವೆ ಸಡಿಲ ಚೀಲದಂತೆ ಕೂತಿರುತ್ತದೆ. ಮೂರು ಪದರಗಳು ಒಂದರ ಮೇಲೊಂದು ಜಾರುತ್ತವೆ. ಬೆರಳ ತುದಿಗೆ ಏನು ಮುಟ್ಟಿದೆ ಎಂಬುದು ಮಸುಕಾಗುತ್ತದೆ. ಒದ್ದೆ ಕೈಯನ್ನು ಹೊರಗೆಳೆದರೆ ಅಸ್ತರಿಯೂ ಜೊತೆಗೇ ಮಗುಚಿ ಬರುತ್ತದೆ, ಮತ್ತೆ ಬೆರಳು ತೂರಿಸಲು ಪರದಾಟ. ಪದರವನ್ನು ಹೊರಬಟ್ಟೆಗೆ ಅಂಟಿಸಿ ಮಾಡಿದವು ಈ ವಿಷಯದಲ್ಲಿ ಎಷ್ಟೋ ವಾಸಿ. ಅಂಗಡಿಯಲ್ಲೇ ಗ್ಲೌಸಿನ ಬೆರಳ ತುದಿ ಹಿಡಿದು ಉಜ್ಜಿ ನೋಡಿದರೆ ಒಳಪದರ ಜಾರುತ್ತದೋ ಇಲ್ಲವೋ ತಿಳಿಯುತ್ತದೆ.

ಇಲ್ಲಿ ಮೀನುಗಾರರಿಂದ ಬಂದ ಒಂದು ಗ್ಲೌಸಿನ ಕತೆ ಹೇಳಲೇಬೇಕು. ಜಪಾನಿನ ಶೋವಾ ಕಂಪನಿಯ ಟೆಮ್ರೆಸ್ 282 ನೋಡಲು ಅಡುಗೆಮನೆಯ ನೀಲಿ ರಬ್ಬರ್ ಗ್ಲೌಸಿನಂತಿದೆ. ತಣ್ಣೀರಿನಲ್ಲಿ ಕೆಲಸ ಮಾಡುವವರಿಗಾಗಿ ಬಂದದ್ದು. ನೀರು ಒಳಗೆ ಬಿಡುವುದಿಲ್ಲ, ಬೆವರಿನ ಆವಿಯನ್ನು ಸ್ವಲ್ಪ ಹೊರಗೆ ಬಿಡುತ್ತದೆ, ಒಳಗೆ ಬೆಚ್ಚನೆಯ ಅಸ್ತರಿ. ಬೆಲೆ ದೊಡ್ಡ ಬ್ರ್ಯಾಂಡಿನ ಸ್ಕೀ ಗ್ಲೌಸಿನ ಮುಂದೆ ಏನೂ ಅಲ್ಲ. ಹಿಮಗೋಡೆ ಹತ್ತುವವರ ನಡುವೆ ಇದು ಎಷ್ಟು ಹಬ್ಬಿತೆಂದರೆ ಕಂಪನಿ ಅದರದ್ದೇ ಕಪ್ಪು ಬಣ್ಣದ, ಉದ್ದ ಕಫ್‌ನ ಮಾದರಿಯನ್ನೂ ತಂದಿತು. ಹೊರಾಂಗಣ ಕೆಲಸಕ್ಕೆ ಗ್ಲೌಸ್ ಹುಡುಕುವವರು ಟ್ರೆಕ್ಕಿಂಗ್ ಅಂಗಡಿಗಿಂತ ಮೊದಲು ಕೆಲಸಗಾರರ ಸಾಮಾನಿನ ಅಂಗಡಿಗೆ ಹೋಗಬೇಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಒದ್ದೆ ಹೊರಗಿನಿಂದಲೇ ಬರಬೇಕೆಂದಿಲ್ಲ. ಹಿಮ ಗೋರುವಾಗ, ಸಾಮಾನು ಹೊರುವಾಗ ಕೈ ಬೆವರುತ್ತದೆ. ಕೆಲಸ ನಿಂತ ಮೇಲೆ ಆ ಬೆವರೇ ತಣ್ಣಗಾಗಿ ಕಾಡುತ್ತದೆ. ಹತ್ತಿಯ ಒಳಗ್ಲೌಸ್ ಬೇಡವೇ ಬೇಡ, ಅದು ನೀರು ಹೀರಿ ಹಾಗೇ ಇಟ್ಟುಕೊಳ್ಳುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಎರಡು ಜೊತೆ ತೆಳು ಒಳಗ್ಲೌಸ್ ಇಟ್ಟುಕೊಂಡು, ಒಂದು ಒದ್ದೆಯಾದಾಗ ಅದನ್ನು ಅಂಗಿಯೊಳಗೆ ಮೈಬಿಸಿಗೆ ಒಣಗಲು ಹಾಕಿ ಇನ್ನೊಂದನ್ನು ತೊಡುವುದು ಕಡಿಮೆ ಖರ್ಚಿನ ಉಪಾಯ.

ಬಟ್ಟೆ, ಚರ್ಮ, ಲೇಬಲ್

ಹೊರ ಚರ್ಮದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಮೇಕೆ ಚರ್ಮ ತೆಳುವಾಗಿದ್ದರೂ ಗಟ್ಟಿ, ಬೆರಳಿಗೆ ಚೆನ್ನಾಗಿ ಸ್ಪರ್ಶ ಕೊಡುತ್ತದೆ. ಜಿಂಕೆ ಚರ್ಮ ಒದ್ದೆಯಾಗಿ ಒಣಗಿದರೂ ಮೆತ್ತಗೇ ಉಳಿಯುತ್ತದೆ. ದನದ ಚರ್ಮ ಬಾಳಿಕೆ ಬರುತ್ತದೆ, ಆದರೆ ಬಿರುಸು. ಸ್ವೀಡನ್ನಿನ ಹೆಸ್ಟ್ರಾ ಕಂಪನಿ 1936ರಲ್ಲಿ ಶುರುವಾದದ್ದು ಮರ ಕಡಿಯುವವರ ಗ್ಲೌಸ್ ಹೊಲಿಯಲು. ಇವತ್ತು ಸ್ಕೀ ಗ್ಲೌಸಿಗೆ ಹೆಸರಾಗಿದ್ದರೂ ಚರ್ಮದ ಆಯ್ಕೆಯಲ್ಲಿ ಆ ಹಳೆಯ ಗುಣ ಉಳಿದಿದೆ. ಪಿವಿಸಿ ಲೇಪದ ಅಗ್ಗದ ಗ್ಲೌಸ್‌ಗಳು ಚಳಿಗೆ ಸೆಟೆದು ನಿಲ್ಲುತ್ತವೆ. ರಬ್ಬರ್ ಲೇಪದವು ಅಷ್ಟು ಸೆಟೆಯುವುದಿಲ್ಲ.

ಒಳಗಿನ ತುಂಬುವಿಕೆ, ಅಂದರೆ ಥಿನ್ಸುಲೇಟ್, ಪ್ರೈಮಾಲಾಫ್ಟ್ ಮುಂತಾದವನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತಾರೆ. ಅಂಕೆಗಿಂತ ಅದು ಎಲ್ಲಿ ಹೇಗೆ ಹಂಚಿದೆ ಎಂಬುದು ಮುಖ್ಯ. ಹಿಂಗೈಗೆ ದಪ್ಪ, ಅಂಗೈಗೆ ಮತ್ತು ಬೆರಳ ಒಳಬದಿಗೆ ತೆಳು ಇರಬೇಕು. ಹೇಗೂ ಏನನ್ನಾದರೂ ಹಿಡಿದಾಗ ಅಂಗೈಯ ತುಂಬುವಿಕೆ ಅಮುಕಿ ಅದರ ಗಾಳಿ ಹೊರಟುಹೋಗುತ್ತದೆ. ಅಲ್ಲಿ ದಪ್ಪ ಕೊಟ್ಟರೆ ಬಿಸಿಯೂ ಇಲ್ಲ, ಹಿಡಿತವೂ ಇಲ್ಲ.

ಯುರೋಪಿನ ಕೆಲಸದ ಗ್ಲೌಸ್‌ಗಳ ಮೇಲೆ ಹಿಮದ ಹರಳಿನ ಚಿತ್ರವೊಂದು ಇರುತ್ತದೆ, ಪಕ್ಕದಲ್ಲಿ ಇಎನ್ 511 ಎಂಬ ಗುರುತು. ಅದರ ಕೆಳಗಿನ ಮೂರು ಅಂಕೆ ಓದಲು ಕಲಿತರೆ ಪ್ಯಾಕೆಟ್ಟಿನ ದೊಡ್ಡ ಅಂಕೆಯನ್ನು ಮರೆತುಬಿಡಬಹುದು. ಮೊದಲನೆಯದು ಗಾಳಿಯ ಚಳಿಯನ್ನು ಎಷ್ಟು ತಡೆಯುತ್ತದೆ ಎಂಬುದು, 0ಯಿಂದ 4. ಎರಡನೆಯದು ತಣ್ಣನೆಯ ವಸ್ತು ಮುಟ್ಟಿದಾಗಿನ ಚಳಿ, ಅದೂ 0ಯಿಂದ 4. ಮೂರನೆಯದು ನೀರು ತಡೆಯುತ್ತದೋ ಇಲ್ಲವೋ, 0 ಅಥವಾ 1. ಅಂಕೆಯ ಜಾಗದಲ್ಲಿ ಇಂಟು ಗುರುತಿದ್ದರೆ ಆ ಪರೀಕ್ಷೆ ಮಾಡಿಲ್ಲ ಎಂದರ್ಥ. ಬಂದೂಕು, ಸ್ಪ್ಯಾನರ್, ಕಬ್ಬಿಣದ ಪೈಪು ಹಿಡಿಯುವವರಿಗೆ ಎರಡನೇ ಅಂಕೆಯೇ ಮುಖ್ಯ.

ಕೈಚಳಕಕ್ಕೂ ಒಂದು ಅಳತೆ ಇದೆ. ಗ್ಲೌಸ್ ಹಾಕಿಕೊಂಡು ನಯವಾದ ಲೋಹದ ಕಡ್ಡಿಯನ್ನು 30 ಸೆಕೆಂಡಿನಲ್ಲಿ ಮೂರು ಸಲ ಎತ್ತಬೇಕು. 11 ಮಿಲಿಮೀಟರ್ ದಪ್ಪದ್ದನ್ನು ಎತ್ತಿದರೆ ಮಟ್ಟ 1, 5 ಮಿಲಿಮೀಟರಿನದ್ದನ್ನೂ ಎತ್ತಿದರೆ ಮಟ್ಟ 5. ಈ ಮಟ್ಟವನ್ನು ಗ್ಲೌಸ್ ಜೊತೆಗಿನ ಚೀಟಿಯಲ್ಲಿ ಹುಡುಕಿ. ಬೇಟೆ, ಸ್ಕೀ ಗ್ಲೌಸ್‌ಗಳಲ್ಲಿ ಇದು ಸಾಮಾನ್ಯವಾಗಿ ಸಿಗುವುದಿಲ್ಲ. ಆಗ ನಿಮ್ಮ ಕೈಯೇ ಅಳತೆ.

ಹಾಕಿ ನೋಡುವಾಗ

ಬೆರಳ ತುದಿಯಲ್ಲಿ ಜಾಗ ಜಾಸ್ತಿ ಉಳಿದರೆ ಸ್ಪರ್ಶ ಹೋಯಿತು. ತುದಿಗೆ ಬಿಗಿದರೆ ರಕ್ತ ನಿಂತು ಚಳಿ ಹತ್ತುತ್ತದೆ. ಮುಷ್ಟಿ ಕಟ್ಟಿದಾಗ ತುದಿಗಳು ಒತ್ತಬಾರದು, ಅಂಗೈಯಲ್ಲಿ ಬಟ್ಟೆ ಗಂಟಾಗಬಾರದು. ಸುಮ್ಮನೆ ಇಳಿಬಿಟ್ಟ ಕೈಯ ಬೆರಳು ಸ್ವಲ್ಪ ಬಾಗಿರುತ್ತವೆ. ಹಾಗೇ ಬಾಗಿಸಿ ಹೊಲಿದ ಗ್ಲೌಸ್ ಆದರೆ ಪ್ರತಿ ಸಲ ಮಡಚಲು ಶಕ್ತಿ ಹಾಕಬೇಕಾಗಿಲ್ಲ. ತೋರುಬೆರಳಿನ ತುದಿಯ ಹೊಲಿಗೆ ಟ್ರಿಗರ್ ತಾಗುವ ಜಾಗದಲ್ಲಿ ಹಾದಿದ್ದರೆ ಆ ಜೊತೆಯನ್ನು ವಾಪಸ್ ಇಟ್ಟುಬಿಡಿ. ಒಳಗೆ ಇನ್ನೊಂದು ಗ್ಲೌಸ್ ಹಾಕುವವರು ಅದನ್ನು ಹಾಕಿಕೊಂಡೇ ಹೊರಗಿನದನ್ನು ಅಳತೆ ನೋಡಬೇಕು.

ನಿಜವಾದ ಪರೀಕ್ಷೆ ಮನೆಯಲ್ಲಿ. ಬಂದೂಕಿನವರು ತೋಟಾ ಇಲ್ಲವೆಂದು ಎರಡೆರಡು ಸಲ ಖಚಿತ ಮಾಡಿಕೊಂಡು, ಗ್ಲೌಸ್ ಹಾಕಿಕೊಂಡೇ ಸೇಫ್ಟಿ ತೆಗೆಯುವುದು, ಹಾಕುವುದು, ಮ್ಯಾಗಜೀನ್ (ತೋಟಾ ಇಡುವ ಡಬ್ಬಿ) ಬದಲಿಸುವುದು ಎಲ್ಲ ಮಾಡಿ ನೋಡಬೇಕು. ಬೆರಳು ಬಳೆಯ ಅಂಚು ಸವರದೆ ಒಳಹೋಗಬೇಕು, ಅಷ್ಟೇ ಸಲೀಸಾಗಿ ಹೊರಬರಬೇಕು. ಗುಂಡು ಹಾರಿದ ಮೇಲೆ ಟ್ರಿಗರ್ ಮುಂದಕ್ಕೆ ಬರಲು ದಪ್ಪ ಬೆರಳು ಜಾಗ ಬಿಡದಿರುವುದೂ ಉಂಟು. ಕೆಲಸದವರು ತಮ್ಮ ದಿನದ ಅತಿ ಸಣ್ಣ ಸಾಮಾನನ್ನು, ಅದು ಸಣ್ಣ ನಟ್ಟೋ ಫ್ಯೂಸೋ, ನೆಲದಿಂದ ಎತ್ತಿ ನೋಡಲಿ.

ಪೆಟ್ರೋಲು ಮುಟ್ಟುವವರಿಗೆ ಒಂದು ಮಾತು. −30ರಲ್ಲೂ ಪೆಟ್ರೋಲು ಹೆಪ್ಪುಗಟ್ಟುವುದಿಲ್ಲ, ಹೊರಗಿನಷ್ಟೇ ತಣ್ಣಗೆ ದ್ರವವಾಗಿಯೇ ಇರುತ್ತದೆ. ಚರ್ಮದ ಮೇಲೆ ಚೆಲ್ಲಿದರೆ ಆರುತ್ತಾ ಇನ್ನಷ್ಟು ಬಿಸಿ ಎಳೆದು ಕ್ಷಣದಲ್ಲಿ ಚರ್ಮವನ್ನು ಹೆಪ್ಪುಗಟ್ಟಿಸುತ್ತದೆ. ಹಿಮದ ಯಂತ್ರಕ್ಕೆ, ಜನರೇಟರಿಗೆ ಇಂಧನ ತುಂಬಲು ಎಣ್ಣೆ ಹೀರದ ಬೇರೆ ಗ್ಲೌಸ್ ಇರಲೇಬೇಕು.

ಬಿಸಿ ಪೊಟ್ಟಣಗಳಲ್ಲಿರುವುದು ಕಬ್ಬಿಣದ ಪುಡಿ, ಉಪ್ಪು, ಇದ್ದಿಲು, ನೀರು. ಗಾಳಿಯ ಆಮ್ಲಜನಕ ಸೇರಿ ಕಬ್ಬಿಣ ತುಕ್ಕು ಹಿಡಿಯುವಾಗ ಬಿಸಿ ಬರುತ್ತದೆ. ಆಮ್ಲಜನಕ ಕಡಿಮೆ ಇರುವ ಎತ್ತರದಲ್ಲಿ, ಅಥವಾ ಗಾಳಿಯಾಡದ ಬಿಗಿ ಗ್ಲೌಸಿನೊಳಗೆ ಅದು ಮಂಕಾಗುತ್ತದೆ. ಅಂಗೈಯಲ್ಲಿ ಇಟ್ಟರೆ ಹಿಡಿತ ಕೆಡುತ್ತದೆ. ಹಿಂಗೈ ಮೇಲೆ ಅಥವಾ ಮಣಿಕಟ್ಟಿನ ಒಳಬದಿಗೆ, ಬಟ್ಟೆಯ ಒಂದು ಪದರದ ಮೇಲೆ ಇಡಿ.

ಮಿಟನ್‌ಗೆ ದಾರ ಕಟ್ಟುವುದನ್ನು ಮಕ್ಕಳ ಕೆಲಸ ಅಂತ ನಗುವವರಿಗೆ ಫ್ರಾನ್ಸಿನ ಪರ್ವತಾರೋಹಿ ಮಾರಿಸ್ ಎರ್ಝಾಗ್ ಕತೆ ಸಾಕು. 1950ರ ಜೂನ್ 3ರಂದು ಅವನೂ ಲೂಯಿ ಲಾಶೆನಾಲ್ ಕೂಡ 8,091 ಮೀಟರ್ ಎತ್ತರದ ಅನ್ನಪೂರ್ಣ ಏರಿದರು. ಇಳಿಯುವಾಗ ಚೀಲ ತೆರೆಯಲೆಂದು ಎರ್ಝಾಗ್ ಗ್ಲೌಸ್ ಕಳಚಿಟ್ಟ. ಅವು ಇಳಿಜಾರಿನಲ್ಲಿ ಜಾರಿ ಕಣ್ಮರೆಯಾದವು. ಚೀಲದಲ್ಲಿದ್ದ ಕಾಲುಚೀಲವನ್ನು ಕೈಗೆ ಹಾಕಿಕೊಳ್ಳಬಹುದಿತ್ತು ಎಂಬುದು ಆ ಎತ್ತರದಲ್ಲಿ, ಆ ದಣಿವಿನಲ್ಲಿ ಅವನಿಗೆ ಹೊಳೆಯಲಿಲ್ಲ. ಬೆರಳುಗಳನ್ನು ಕಳೆದುಕೊಂಡ.

ಬೆರಳು ನೋಯುತ್ತಿರುವಷ್ಟು ಹೊತ್ತು ಅದು ಬದುಕಿದೆ. ನೋವು ನಿಂತು, ಚರ್ಮ ಮೇಣದಂತೆ ಬೆಳ್ಳಗಾಗಿ ಮುಟ್ಟಿದ್ದು ತಿಳಿಯದಿದ್ದರೆ ಕೆಲಸ ಅಲ್ಲೇ ನಿಲ್ಲಿಸಬೇಕು. ಬಂದೂಕಿದ್ದರೆ ತೋಟಾ ತೆಗೆದಿಟ್ಟು ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಬೇಕು. ಹಿಮ ಹಚ್ಚಿ ಉಜ್ಜುವುದು ಹಳೆಯ ತಪ್ಪು, ಅದರಿಂದ ಚರ್ಮ ಹರಿಯುತ್ತದೆ. ಮರಗಟ್ಟಿದ ಕೈಯನ್ನು ಬೆಂಕಿಗೆ ಹಿಡಿದರೆ ಸುಡುವುದೂ ತಿಳಿಯುವುದಿಲ್ಲ. ಗಟ್ಟಿಯಾಗಿ ಹೆಪ್ಪುಗಟ್ಟಿದ ಬೆರಳನ್ನು 37ರಿಂದ 39 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಕರಗಿಸಬೇಕು. ಆದರೆ ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇದ್ದರೆ ಕರಗಿಸದೆ, ಒಣಬಟ್ಟೆ ಸುತ್ತಿ ಆಸ್ಪತ್ರೆ ತಲುಪುವುದೇ ಮೇಲು. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳಿಗೆ ಆಗುವ ಹಾನಿ ಮೊದಲಿನದಕ್ಕಿಂತ ಎಷ್ಟೋ ದೊಡ್ಡದು.